ತುರುಬಿನ ಘನತೆ

ನನ್ನ ಕೂದಲು ಉದುರುತ್ತಿರುವ ಸುದ್ದಿ ಬೀದಿಗೆ ಹೋಗುವುದಿರಲಿ, ಮಲಗುವ ಕೋಣೆಯ ಬಾಗಿಲನ್ನೂ ದಾಟಕೂಡದು! ಕನ್ನಡಿಯ ಮುಂದೆ ನಿಂತು ನಾನು ಈ ಘೋರ ಪ್ರತಿಜ್ಞೆ ಮಾಡಿದಾಗ ನನಗೆ ನಲವತ್ತೇಳು ವರ್ಷ. ಬಲಗೈಯಲ್ಲಿ ಬಾಚಣಿಗೆ, ಎಡಗೈಯಲ್ಲಿ ಬಾಚಣಿಗೆಯಿಂದ ಬಿಡಿಸಿದ ಕೂದಲಿನ ಉಂಡೆ. ನಿವೃತ್ತಳಾದ ಮೇಲೆ ಈಗ ಇದನ್ನೆಲ್ಲ ನಗುತ್ತ ಬರೆಯುತ್ತಿದ್ದೇನೆ. ಆಗ ಮಾತ್ರ ನಗು ಬಂದಿರಲಿಲ್ಲ.

ಕಾರಣ ಹೇಳುತ್ತೇನೆ. ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ದೇವರು ನನಗೆ ಎತ್ತರ ಕೊಡಲಿಲ್ಲ, ಗಟ್ಟಿ ದನಿಯನ್ನೂ ಕೊಡಲಿಲ್ಲ. ಎರಡಕ್ಕೂ ಪರಿಹಾರವೆಂಬಂತೆ ಕೂದಲು ಕೊಟ್ಟಿದ್ದ. ಅದನ್ನು ಸುತ್ತಿ ಕಟ್ಟಿದರೆ ತಲೆಯ ಹಿಂದೆ ಇನ್ನೊಂದು ತಲೆ ಕುಳಿತಂತಿರುತ್ತಿತ್ತು. ಮಕ್ಕಳು ನನಗೆ ಇಟ್ಟಿದ್ದ ಹೆಸರೇ ‘ತುರುಬಿನ ಟೀಚರ್’. ಹದಿನಾಲ್ಕು ವರ್ಷದ ಐವತ್ತು ತುಂಟರು ನನ್ನ ಮುಂದೆ ಕೈಕಟ್ಟಿ ಕೂರುತ್ತಿದ್ದದ್ದು ಆ ತುರುಬಿನ ದೆಸೆಯಿಂದಲೇ ಎಂದು ನಾನು ಬಲವಾಗಿ ನಂಬಿದ್ದೆ. ಅದೇ ಹೋಯಿತೆಂದರೆ ನನ್ನ ಪಾಠ ಕೇಳುವವರು ಯಾರು? ಗೋಡೆ ಗಡಿಯಾರ ಮಾತ್ರ!

ಆ ವರ್ಷ ನನ್ನ ದೇಹದಲ್ಲಿ ನಡೆಯುತ್ತಿದ್ದುದು ಕೂದಲಿನ ಗಲಾಟೆ ಒಂದೇ ಅಲ್ಲ. ತಿಂಗಳ ಮುಟ್ಟು ತನಗಿಷ್ಟ ಬಂದಾಗ ಬರುತ್ತಿತ್ತು. ಬಂದರೆ ಹೋಗಲೊಲ್ಲದ ನೆಂಟನಂತೆ ಬೀಡು ಬಿಡುತ್ತಿತ್ತು. ಪಾಠದ ನಡುವೆ ಇದ್ದಕ್ಕಿದ್ದಂತೆ ಯಾರೋ ಒಳಗೆ ಒಲೆ ಹಚ್ಚಿದಂತೆ ಮೈಯೆಲ್ಲ ಕಾದು ಬೆವರು ಇಳಿಯುತ್ತಿತ್ತು. ನಾನು ಫ್ಯಾನನ್ನು ಬೈಯುತ್ತಿದ್ದೆ. ನಿದ್ದೆ ಬಾರದಿದ್ದರೆ ದಿಂಬನ್ನು ಬೈಯುತ್ತಿದ್ದೆ. ಕೂದಲು ಉದುರಿದರೆ ಬೋರ್‌ವೆಲ್ ನೀರನ್ನು ಬೈಯುತ್ತಿದ್ದೆ. ವಿಜ್ಞಾನದ ಟೀಚರಾಗಿ ಇವೆಲ್ಲವನ್ನೂ ಕೂಡಿಸಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಏನು ಮಾಡಲಿ? ಪಠ್ಯಪುಸ್ತಕದಲ್ಲಿ ಸಂತಾನೋತ್ಪತ್ತಿಯ ಆ ಅಧ್ಯಾಯ ಬಂದಾಗಲೆಲ್ಲ “ಇದನ್ನು ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ಮಗುಚುತ್ತಿದ್ದವಳು ನಾನು. ನಾನೂ ಮನೆಯಲ್ಲಿ ಓದಿಕೊಂಡಿರಲಿಲ್ಲ!

ತುರುಬು ದಿನದಿನಕ್ಕೆ ಸೊರಗಿ ನಿಂಬೆಹಣ್ಣಿನ ಗಾತ್ರಕ್ಕೆ ಇಳಿದ ದಿನ ನನ್ನ ಕಣ್ಣು ನಮ್ಮ ಯಜಮಾನರ ಕಾಲುಚೀಲದ ಮೇಲೆ ಬಿತ್ತು. ಕಪ್ಪು ಬಣ್ಣ, ಮೆತ್ತಗಿನ ನೂಲು, ಹೇಳಿ ಮಾಡಿಸಿದಂತಿತ್ತು. ಅದನ್ನು ಸುರುಳಿ ಸುತ್ತಿ ಒಳಗಿಟ್ಟು, ಮೇಲೆ ಉಳಿದ ಕೂದಲನ್ನು ಬಿಗಿಯಾಗಿ ಎಳೆದು ಹೊದಿಸಿ, ಪಿನ್ನು ಚುಚ್ಚಿದೆ. ಆಹಾ! ಕಳೆದುಹೋದ ಸಾಮ್ರಾಜ್ಯ ಮರಳಿ ಬಂದಿತ್ತು.

ಆದರೆ ಸಾಮ್ರಾಜ್ಯ ಉಳಿಸಿಕೊಳ್ಳುವುದು ಸುಲಭವೇ? ಕೆಲವು ವಾರಗಳಲ್ಲಿ ಹೊದಿಕೆಯ ಕೂದಲೇ ತೆಳುವಾಯಿತು. ಎರಡನೆಯ ಕಾಲುಚೀಲ ಸೇರಿತು. ಅದಕ್ಕೆ ಇನ್ನಷ್ಟು ಬಿಗಿ ಬೇಕಾಯಿತು, ಇನ್ನಷ್ಟು ಪಿನ್ನು ಬೇಕಾಯಿತು. ಆಮೇಲೆ ಮೂರನೆಯದು. ಹುಬ್ಬುಗಳು ಹಣೆಯ ಮೇಲಕ್ಕೆ ಏರಿ ನಾನು ಸದಾ ಆಶ್ಚರ್ಯಪಡುತ್ತಿರುವವಳಂತೆ ಕಾಣತೊಡಗಿದೆ. ಕತ್ತು ಹೊರಳಿಸಿದರೆ ಎಲ್ಲಿ ತುರುಬು ಕಳಚಿ ಬೀಳುವುದೋ ಎಂದು, ಬೀರು ತಿರುಗಿಸಿದಂತೆ ಇಡೀ ದೇಹವನ್ನೇ ತಿರುಗಿಸುತ್ತಿದ್ದೆ. ಸೀಮೆಸುಣ್ಣ ಕೈಜಾರಿ ಬಿದ್ದರೆ ಬಗ್ಗುವಂತಿರಲಿಲ್ಲ. ಯಾವುದಾದರೂ ಮಗು ಓಡಿ ಬಂದು ಎತ್ತಿಕೊಡುತ್ತಿತ್ತು. ಮೊದಲೆಲ್ಲ ಗುಜುಗುಜು ಎನ್ನುತ್ತಿದ್ದ ತರಗತಿ ಈಗ ಸೂಜಿ ಬಿದ್ದರೂ ಕೇಳುವಂತೆ ನಿಶ್ಶಬ್ದ! ನೋಡಿದಿರಾ, ತುರುಬು ದೊಡ್ಡದಾದಷ್ಟೂ ಶಿಸ್ತು ದೊಡ್ಡದಾಗುತ್ತದೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಅತ್ತ ಮನೆಯಲ್ಲಿ ವಿಚಾರಣೆ ಶುರುವಾಯಿತು. ನಮ್ಮ ಯಜಮಾನರದು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಇಡೀ ದಿನ ಒಂದೊಂದು ಕಾಗದವನ್ನೂ ಅದರದರ ಗೂಡಿಗೆ ಸೇರಿಸಿ ಬಂದವರು ಮನೆಯಲ್ಲಿಯೂ ಚಮಚವನ್ನು ಚಮಚದ ಗೂಡಿಗೆ, ಕಾಲುಚೀಲವನ್ನು ಅದರ ಜೊತೆಯ ಪಕ್ಕಕ್ಕೆ ಸೇರಿಸದೆ ಊಟಕ್ಕೆ ಕೂರುವವರಲ್ಲ. ನಾನು ಮಾಡಿದ ಮಹಾಪರಾಧವೆಂದರೆ ಒಂದೊಂದು ಜೊತೆಯಿಂದ ಒಂದೊಂದನ್ನೇ ಎತ್ತಿದ್ದು. ಪೂರ್ತಿ ಜೊತೆಯನ್ನೇ ಕದ್ದಿದ್ದರೆ ಹಳೆಯದಾಯಿತೆಂದು ಬಿಸಾಡಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು. ಒಂಟಿ ಕಾಲುಚೀಲ ಮಾತ್ರ ಅವರ ವೃತ್ತಿಗೇ ಅವಮಾನ! ಮಂಚದ ಕೆಳಗೆ ತೆವಳಿದರು, ಬೀರುವಿನ ಹಿಂದೆ ಟಾರ್ಚು ಬಿಟ್ಟರು, ಪಕ್ಕದ ಮನೆಯ ಒಗೆದ ಬಟ್ಟೆಗಳ ಹಗ್ಗವನ್ನೂ ಅನುಮಾನದಿಂದ ನೋಡಿ ಬಂದರು. ನಾನೂ ಅವರ ಜೊತೆಗೂಡಿ ಹುಡುಕಿದೆ, ಕತ್ತು ನೆಟ್ಟಗಿಟ್ಟುಕೊಂಡು.

ಅಷ್ಟರಲ್ಲಿ ಬಟ್ಟೆ ಒಗೆಯುವ ಯಂತ್ರ ಹೊಟ್ಟೆ ತುಂಬ ನೀರು ಇಟ್ಟುಕೊಂಡು ನಿಂತುಹೋಯಿತು.

“ಸಿಕ್ಕಿಬಿದ್ದ ನೋಡು ಕಳ್ಳ. ನನ್ನ ಸಾಕ್ಸೆಲ್ಲ ಇದೇ ನುಂಗಿರೋದು” ಎಂದರು ಯಜಮಾನರು. ಬೇಡವೆಂದು ನಾನು ಹೇಳಿದ ಯಾವ ಮಾತೂ ನಡೆಯಲಿಲ್ಲ. ರಿಪೇರಿಯವನು ಬಂದ. ಯಂತ್ರದ ಕೆಳಗಿನ ಮುಚ್ಚಳ ತಿರುಗಿಸಿ ತೆಗೆದ. ಯಜಮಾನರು ತಮ್ಮ ಕಾಲುಚೀಲಗಳನ್ನು ಬರಮಾಡಿಕೊಳ್ಳಲು ಟವೆಲ್ಲು ಹಿಡಿದು ನಿಂತಿದ್ದರು. ಅವನು ಒಳಗೆ ಕೈಹಾಕಿ ಎಳೆದ. ಬಂತು, ಬಂತು, ಬರುತ್ತಲೇ ಇತ್ತು! ಒದ್ದೆಯಾದ, ಕರಿದಾದ, ಬೆಕ್ಕಿನ ಮರಿಯ ಗಾತ್ರದ ಒಂದು ಮುದ್ದೆ ನೆಲದ ಮೇಲೆ ಬಿತ್ತು.

ಸಾಕ್ಷ್ಯ ಅಡಗಿಸಲೆಂದು ನಾನು ಪ್ರತಿದಿನ ಬೆಳಿಗ್ಗೆ ದಿಂಬಿನ ಹೊದಿಕೆಯನ್ನೂ ತಲೆ ಒರೆಸಿದ ಟವೆಲ್ಲನ್ನೂ ಕೊಡವದೆ ಹಾಗೆಯೇ ಯಂತ್ರಕ್ಕೆ ತುರುಕುತ್ತಿದ್ದೆ. ನನ್ನ ಕಣ್ಣಿನಿಂದ ಮರೆಯಾದದ್ದು ಲೋಕದಿಂದಲೇ ಮರೆಯಾಯಿತೆಂದು ತಿಳಿದಿದ್ದೆ. ಎಲ್ಲವೂ ಅಲ್ಲಿ ಸಂಘಟಿತವಾಗಿ ಕಾಯುತ್ತಿತ್ತು!

ರಿಪೇರಿಯವನು ಮುದ್ದೆಯನ್ನು ಕಾಲಿನಿಂದ ಮೆಲ್ಲಗೆ ಮುಟ್ಟಿ ನೋಡಿ, ಮನೆಯಲ್ಲಿ ಉದ್ದ ಕೂದಲಿನ ನಾಯಿ ಇದೆಯೇ ಎಂದು ಕೇಳಿದ. ಇಲ್ಲ, ನಾವಿಬ್ಬರೇ ಎಂದರು ಯಜಮಾನರು. ಅವನು ಯಜಮಾನರ ಬೋಳು ತಲೆಯನ್ನು ನೋಡಿದ. ಆಮೇಲೆ ಸಭ್ಯತೆಯಿಂದ ಸೂರನ್ನು ನೋಡಿದ.

ಅವನು ಹೋದ ಮೇಲೆ ಬೈಗುಳ ಬರಬಹುದೆಂದು ಕಾದೆ. ಯಜಮಾನರು ಕುರ್ಚಿ ಎಳೆದುಕೊಂಡು ನನ್ನೆದುರಿಗೆ ಕುಳಿತರು.

“ಯಾವಾಗಿಂದ?”

“ಏನು ಯಾವಾಗಿಂದ?”

“ನನ್ನ ಹತ್ರ ಟೀಚರ್ ಥರ ಮಾತಾಡ್ಬೇಡ. ಇಷ್ಟೊಂದು ಕೂದ್ಲು ಹೋಗಿದೆ, ನಿದ್ದೆ ಮಾಡಲ್ಲ, ಸುಮ್ಮಸುಮ್ಮನೆ ಬೆವರ್ತೀಯ. ದೊಡ್ಡ ಕಾಯಿಲೆ ಏನಾದ್ರೂ ಮುಚ್ಚಿಡ್ತಾ ಇದ್ದೀಯೇನೇ?” ಎಂದವರು ಎದ್ದು ನಿಂತರು. “ಸಾಕ್ಸ್ ಹಾಳಾಗಿ ಹೋಗ್ಲಿ. ನಡಿ, ಡಾಕ್ಟರ ಹತ್ರ ಹೋಗೋಣ.”

ಕಾಲುಚೀಲ ಹಾಳಾಗಿ ಹೋಗಲಿ ಎಂದು ಈ ಮನುಷ್ಯನ ಬಾಯಿಂದ ಬಂತೆಂದರೆ ಅವರಿಗೆ ಎಷ್ಟು ಹೆದರಿಕೆಯಾಗಿರಬೇಕು! ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಡಾಕ್ಟರಮ್ಮ ನನಗಿಂತ ಹಿರಿಯರು. ಎಲ್ಲವನ್ನೂ ಸಮಾಧಾನವಾಗಿ ಕೇಳಿಕೊಂಡು, ತುರುಬು ಬಿಚ್ಚಲು ಹೇಳಿದರು.

“ಹಾಗೇ ನೋಡೋಕಾಗಲ್ವಾ ಡಾಕ್ಟ್ರೇ?”

“ಡಬ್ಬ ಮುಚ್ಚಿಟ್ಟುಕೊಂಡು ಒಳಗೇನಿದೆ ಹೇಳಿ ಅಂದ್ರೆ ಹೇಗಮ್ಮ?”

ಪಕ್ಕದಲ್ಲಿ ಯಜಮಾನರು ಕುಳಿತಿದ್ದರು. ಭೂಮಿ ಬಾಯಿ ಬಿಡಲಿಲ್ಲ. ಒಂದೊಂದೇ ಪಿನ್ನು ತೆಗೆದೆ. ಮೊದಲು ಒಂದು ಕಾಲುಚೀಲ ಮೇಜಿನ ಮೇಲೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಮೂರನೆಯದು ಡಾಕ್ಟರಮ್ಮನ ಸ್ಟೆತೊಸ್ಕೋಪಿಗೆ ನೇತುಬಿತ್ತು. ಯಜಮಾನರು ಮೂರನ್ನೂ ಎತ್ತಿಕೊಂಡು, ತೊಡೆಯ ಮೇಲಿಟ್ಟು ನೀವಿ, ಅಭ್ಯಾಸಬಲದಿಂದ ವಿಂಗಡಿಸತೊಡಗಿದರು.

“ಇವು ಜೊತೆ ಅಲ್ಲ” ಎಂದರು ಕೊನೆಗೆ, ದುಃಖದಿಂದ.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನನಗೆ ಪಾಠ ಮಾಡಿದರು. ನಾನು ಪುಟ ಮಗುಚಿದ್ದ ಅದೇ ಪಾಠ. ಮುಟ್ಟು ನಿಲ್ಲುವುದಕ್ಕೆ ಮುಂಚಿನ ಕೆಲವು ವರ್ಷ ಹೆಂಗಸರ ಹಾರ್ಮೋನುಗಳು ಏರಿಳಿಯುತ್ತವಂತೆ. ಕೂದಲು ಬೆಳೆಯುವ ಕಾಲ ಚಿಕ್ಕದಾಗಿ ವಿಶ್ರಾಂತಿಯ ಕಾಲ ದೊಡ್ಡದಾಗುತ್ತದಂತೆ. ಅಂದರೆ ನನ್ನ ಕೂದಲು ನನಗಿಂತ ಮೊದಲೇ ನಿವೃತ್ತಿ ಕೇಳಿತ್ತು! ರಕ್ತಸ್ರಾವ ಜಾಸ್ತಿಯಾದರೆ ಕಬ್ಬಿಣದ ಅಂಶ ಇಳಿಯುತ್ತದೆ, ಥೈರಾಯ್ಡ್ ಏರುಪೇರಾದರೂ ಕೂದಲು ಉದುರುತ್ತದೆ. ಆದ್ದರಿಂದ ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಬೇಕು ಎಂದರು. ಇದು ನನ್ನೊಬ್ಬಳ ಗುಟ್ಟಲ್ಲವೆಂದೂ, ಆ ದಿನ ಬೆಳಿಗ್ಗೆಯಿಂದ ಇದೇ ಕುರ್ಚಿಯಲ್ಲಿ ಕುಳಿತು ಹೀಗೆಯೇ ದನಿ ತಗ್ಗಿಸಿ ಮಾತಾಡಿದವರಲ್ಲಿ ನಾನು ಮೊದಲನೆಯವಳಲ್ಲವೆಂದೂ ಹೇಳಿದರು.

“ಇದೆಲ್ಲ ಸರಿ. ಆದ್ರೆ ಅರ್ಧ ಕೆಲಸ ನೀವೇ ಮಾಡಿದ್ದೀರಿ” ಎಂದು ಕಾಲುಚೀಲಗಳ ಕಡೆ ಬೆರಳು ಮಾಡಿದರು. “ಉದುರತ್ತೆ ಅಂತ ತುರುಬು ತುಂಬಿದ್ರಿ. ಆ ಬಿಗಿಗೆ ಬುಡ ಸಡಿಲ ಆಗಿ ಇನ್ನೂ ಉದುರ್ತು. ಅದಕ್ಕೆ ಇನ್ನೊಂದು ತುಂಬಿದ್ರಿ. ಹೀಗೇ ಬಿಟ್ಟಿದ್ರೆ ಕಡೆಗೆ ತಲೆ ಮೇಲೆ ಸಾಕ್ಸ್ ಒಂದೇ ಉಳೀತಿತ್ತು.”

ರಕ್ತದಲ್ಲಿ ಕಬ್ಬಿಣ ಕಡಿಮೆಯಿತ್ತು. ಮಾತ್ರೆ ಬಂತು, ನೆತ್ತಿಗೆ ಹಚ್ಚುವ ಔಷಧ ಬಂತು. ಬೇಳೆಕಾಳು, ಸೊಪ್ಪು ಚೆನ್ನಾಗಿ ತಿನ್ನಬೇಕು, ಜಾಹೀರಾತಿನ ಎಣ್ಣೆಗಳಿಗೆ ಮರುಳಾಗಬಾರದು, ತಿಂಗಳುಗಟ್ಟಲೆ ತಾಳ್ಮೆ ಬೇಕು, ಹಳೆಯಷ್ಟು ದಟ್ಟ ಬಾರದಿದ್ದರೂ ಬೇಸರಿಸಬಾರದು ಎಂಬ ಬುದ್ಧಿವಾದವೂ ಬಂತು. ಬಿಗಿಯಾಗಿ ಕಟ್ಟುವುದಂತೂ ಪೂರ್ತಿ ನಿಷಿದ್ಧ. ನಾನು ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡೆ.

“ಹೇಗಿದೆ ರೀ?” ಎಂದು ಕೇಳಿದೆ.

ಯಜಮಾನರು ಸುತ್ತಲೂ ಒಂದು ಪ್ರದಕ್ಷಿಣೆ ಬಂದರು. “ಚೆನ್ನಾಗಿದೆ. ಮನೇಲಿ ಒಬ್ಬರಿಗಾದ್ರೂ ಬಾಚೋಕೆ ಇದೆಯಲ್ಲ” ಎಂದರು.

ಮನೆಯವರ ಸರ್ಟಿಫಿಕೇಟು ತರಗತಿಯಲ್ಲಿ ನಡೆಯುವುದೇ? ಸೋಮವಾರ ಬೆಳಿಗ್ಗೆ ಶಾಲೆಯ ಹೆಬ್ಬಾಗಿಲು ದಾಟುವಾಗ ನನ್ನ ಕೈ ಇಲ್ಲದ ತುರುಬನ್ನು ತಡಕುತ್ತಿತ್ತು. ತುರುಬಿಲ್ಲದ ತುರುಬಿನ ಟೀಚರು! ನಕ್ಕರೆ ಏನು ಹೇಳಬೇಕು, ಗಲಾಟೆಯೆದ್ದರೆ ಹೇಗೆ ಅಡಗಿಸಬೇಕು ಎಂದು ದಾರಿಯುದ್ದಕ್ಕೂ ಒಂದು ಗಂಭೀರ ಭಾಷಣ ಸಿದ್ಧಪಡಿಸಿಕೊಂಡಿದ್ದೆ. ಒಳಗೆ ಹೋದೆ. ಎಂದಿನಂತೆಯೇ ನಿಶ್ಶಬ್ದ. ಅಬ್ಬಾ, ಶಿಸ್ತು ತುರುಬಿನ ಜೊತೆ ಹೋಗಿಲ್ಲ! ಧೈರ್ಯ ಬಂದು, ನಾನು ವರ್ಷವರ್ಷವೂ ಮಗುಚಿಹಾಕುತ್ತಿದ್ದ ಅಧ್ಯಾಯದ ಹೆಸರನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಬರೆಯುತ್ತಲೇ ಹಿಂದಿನ ಬೆಂಚಿನತ್ತ ಹಗುರವಾಗಿ ಕತ್ತು ತಿರುಗಿಸಿ ನೋಡಿದೆ. ತರಗತಿಯಲ್ಲಿ ಒಂದು ಪಿಸುಮಾತು ಹರಿದಾಡಿತು. ತರಗತಿಯ ಲೀಡರ್ ಹುಡುಗಿ ಎದ್ದು ನಿಂತಳು.

“ಟೀಚರ್, ವಾಸಿಯಾಯ್ತಾ?”

“ಏನಮ್ಮ ವಾಸಿಯಾಗೋದು?”

“ನಿಮ್ಮ ಕತ್ತು ಟೀಚರ್. ಈ ವರ್ಷವೆಲ್ಲ ತಿರುಗಿಸೋಕೇ ಆಗ್ತಿರ್ಲಿಲ್ವಲ್ಲ. ಬಗ್ಗೋಕೂ ಆಗ್ತಿರ್ಲಿಲ್ಲ. ಪಾಪ, ತುಂಬ ನೋವಿರತ್ತೆ, ನಾವು ಗಲಾಟೆ ಮಾಡಿ ಟೀಚರ್ ಹಿಂದೆ ತಿರುಗೋ ಹಾಗೆ ಮಾಡ್ಬಾರ್ದು ಅಂತ ಎಲ್ರೂ ಮಾತಾಡ್ಕೊಂಡಿದ್ವಿ.”

ನನ್ನ ಕೈಯ ಸೀಮೆಸುಣ್ಣ ಕೆಳಗೆ ಬಿತ್ತು. ನಾನೇ ಬಗ್ಗಿ ಎತ್ತಿಕೊಂಡೆ. ಐವತ್ತು ಜೊತೆ ಕಣ್ಣುಗಳು ಅದನ್ನು ನೋಡಿದವು.

“ಪೂರ್ತಿ ವಾಸಿಯಾಯ್ತಾ ಟೀಚರ್?”

ಸತ್ಯವನ್ನೇ ಹೇಳಬೇಕೆಂದು ಮಕ್ಕಳಿಗೆ ಬೋಧಿಸುತ್ತ ಬಂದವಳು. ಬೇರೆ ದಾರಿಯಿರಲಿಲ್ಲ. “ಪೂರ್ತಿ ವಾಸಿಯಾಯ್ತಮ್ಮ” ಎಂದೆ.

ಹುಡುಗಿಯ ಮುಖ ಅರಳಿತು. ಹಿಂದಿನ ಬೆಂಚುಗಳ ಕಡೆಗೆ ತಿರುಗಿ, ಇಡೀ ತರಗತಿಗೆ ಕೇಳುವಂತೆ ಸಾರಿದಳು:

“ಟೀಚರ್ ಹುಷಾರಾಗಿದ್ದಾರಂತೆ ಕಣ್ರೋ. ಇನ್ಮೇಲೆ ಮಾತಾಡ್ಬಹುದು.”