ನಕ್ಷತ್ರ ಹಚ್ಚಿದ ಜೇನು

ಭಾಷೆಯ ಬೇರು ಅಗೆಯಲು ಹೊರಟವನಿಗೆ ಫಜೀತಿ ತಪ್ಪಿದ್ದಲ್ಲ. ಅರವತ್ತರ ದಶಕದಲ್ಲಿ ನಾನು ಧಾರವಾಡದಲ್ಲಿ ಭಾಷಾವಿಜ್ಞಾನದ ಎಂ.ಎ. ಓದುತ್ತಿದ್ದೆ. ಮೌಖಿಕ ಪರೀಕ್ಷೆಯೊಂದು ಬಾಕಿ. ಪಾಸಾದರೆ ಹುಬ್ಬಳ್ಳಿಯ ಕಾಲೇಜಿನಲ್ಲಿ ನೌಕರಿ, ಇಲ್ಲವಾದರೆ ಅಪ್ಪನ ಕಿರಾಣಿ ಅಂಗಡಿ. ನನ್ನ ಪಾಲಿಗೆ ಬಂದ ವಿಷಯ, ಮೂಲ ಸ್ಲಾವಿಕ್ ಭಾಷೆಯಲ್ಲಿ ಜೇನಿಗಿದ್ದ ಹೆಸರು. ‘ಮೆದು’ ಅಂತ, ನಮ್ಮ ‘ಮಧು’ವಿನ ದೂರದ ದಾಯಾದಿ.

೧. ಅಜ್ಜಿಯ ಅನುಮಾನ

ಸಪ್ತಾಪುರ ಓಣಿಯಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಅಜ್ಜಿ ಬಲು ಮಡಿಯವರು. ನಾನು ಪಾಠಶಾಲೆಯ ರೂಢಿಯಂತೆ ತೂಗಾಡುತ್ತ ಆ ಶಬ್ದದ ವಿಭಕ್ತಿಗಳನ್ನು ಉರು ಹೊಡೆಯುತ್ತಿದ್ದೆ: ಮೆದು, ಮೆದೂ, ಮೆದೋವಿ...

“ಯಾವ ದೇವರ ಮಂತ್ರಪಾ ಇದು?”

“ಮಂತ್ರ ಅಲ್ಲಜ್ಜಿ. ರಷ್ಯಾ ಕಡಿ ಮಂದಿಯ ಪೂರ್ವಜರು ಜೇನಿಗೆ ಹಿಂಗ ಅಂತಿದ್ರು.”

“ಎಲ್ಲೆ ಬರದಿಟ್ಟಾರ?”

“ಎಲ್ಲೂ ಇಲ್ಲ. ಮೊಮ್ಮಕ್ಕಳ ಮಾರಿ ನೋಡಿ ಮುತ್ತಜ್ಜನ ಮಾರಿ ಊಹಿಸಿಧಂಗ, ಈಗಿನ ಭಾಷಾ ನೋಡಿ ಪಂಡಿತರು ಕಟ್ಯಾರ. ಬರದ ಆಧಾರ ಇಲ್ಲಂತ ಶಬ್ದದ ಮುಂದ ಒಂದು ನಕ್ಷತ್ರ ಹಚ್ತಾರ.”

ಅಜ್ಜಿ ಹುಬ್ಬೇರಿಸಿದರು. “ಹಂಗಾದ್ರ ನೀ ತಪ್ಪು ಹೇಳಿದ್ರ ಯಾರಿಗೆ ಗೊತ್ತಾಗ್ತದ?”

೨. ಗುರುಗಳ ಧೈರ್ಯ

ಪರೀಕ್ಷೆಯ ಹಿಂದಿನ ದಿನ, ನನಗೆ ಈ ವಿಷಯ ಕಲಿಸಿದ ಗುರುಗಳ ಬಳಿ ಹೋದೆ. ಗುರುಗಳು ಬೆನ್ನು ತಟ್ಟಿದರು. “ಹೊರಗಿಂದ ಬರೋ ಪರೀಕ್ಷಕರು ಹುಲಿ ಇದ್ಧಂಗ. ಆದ್ರೂ ಅಂಜಬ್ಯಾಡ.”

“ನೀವೂ ಅಲ್ಲೇ ಇರ್ತೀರಲ್ರಿ ಸರ್?”

“ಇರ್ತೇನಿ. ನನಗ ಅದs ಅಂಜಿಕಿ.”

೩. ದೇವರ ಮನೆಯ ಪುಸ್ತಕ

ಪರೀಕ್ಷಕರು ನಗಲೇ ಇಲ್ಲ. ಜೇನಿನ ಆ ಶಬ್ದದ ಷಷ್ಠೀ ವಿಭಕ್ತಿಯ ರೂಪ ಕೇಳಿದರು. “ಮೆದೂ” ಎಂದೆ.

“ತಪ್ಪು.”

“ಪುಸ್ತಕದಾಗ ಹಂಗ ಅದರಿ ಸರ್.”

“ತರಸ್ರಿ ಪುಸ್ತಕ.”

ಇಡೀ ವಿಭಾಗಕ್ಕಿದ್ದ ಒಂದೇ ಪ್ರತಿ ನನ್ನ ಕೋಣೆಯ ಮೇಜಿನ ಮೇಲಿತ್ತು. ಜವಾನ ಸೈಕಲ್ ಹತ್ತಿ ಹೋದ. ಗುರುಗಳು ಫ್ಯಾನ್ ನೋಡುತ್ತ ಕುಳಿತರು. ನನ್ನ ಕಣ್ಣ ಮುಂದೆ ಅಪ್ಪನ ಬೆಲ್ಲದ ಪೆಂಟೆಗಳು, ಅವುಗಳ ಮೇಲಿನ ನೊಣಗಳು.

ಜವಾನ ಮರಳಿದ. ಕೈಯಲ್ಲಿ ಪುಸ್ತಕವಿಲ್ಲ, ಮುಚ್ಚಿದ ಬೆಳ್ಳಿ ಬಟ್ಟಲಿತ್ತು.

“ಪುಸ್ತಕ ದೇವರ ಮನ್ಯಾಗ ಐತ್ರಿ ಸಾಹೇಬ್ರ. ಪರೀಕ್ಷಾ ಅಂತ ಅಮ್ಮಾರು ಅದಕ್ಕ ಪೂಜಿ ಮಾಡ್ಯಾರ. ಸಂಜಿತನಕ ಯಾರೂ ಮುಟ್ಟೂಹಂಗಿಲ್ಲಂತ. ಜೇನಿನ ಪರೀಕ್ಷಾ ಅಂತ ಜೇನs ನೈವೇದ್ಯ ಮಾಡಿದ್ರು. ಪರೀಕ್ಷಾ ತಗೊಳ್ಳೋರಿಗೆ ಪ್ರಸಾದ ಕಳಿಸ್ಯಾರ್ರಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪರೀಕ್ಷಕರು ಬಟ್ಟಲನ್ನೇ ದಿಟ್ಟಿಸಿದರು. ಬೆರಳು ಅದ್ದಿದರು, ನೆಕ್ಕಿದರು, ಕಣ್ಣು ಮುಚ್ಚಿದರು. ಮತ್ತೊಮ್ಮೆ ಅದ್ದಿದರು. ಆಮೇಲೆ ಗುರುಗಳ ಕಡೆ ತಿರುಗಿದರು.

“ಆಧಾರ ಸಿಕ್ತು. ನಕ್ಷತ್ರ ಅಳಸ್ರಿ, ಹುಡುಗನ್ನ ಪಾಸ್ ಮಾಡ್ರಿ.”