ಒಂದು ಗೇಣು ಟ್ಯಾಂಕು, ಒಂದು ಸೆಲ್ಯೂಟು

ಗುಂಡಯ್ಯ ಮೇಷ್ಟ್ರಿಗೆ ದೇವರು ಬೇಕಾದ್ದೆಲ್ಲ ಕೊಟ್ಟಿದ್ದ. ತುಮಕೂರಿನ ಶೆಟ್ಟಿಹಳ್ಳಿ ರಸ್ತೆಯಲ್ಲಿ ಸ್ವಂತ ಮನೆ, ಅರವತ್ಮೂರರಲ್ಲೂ ಎರಡು ಮುದ್ದೆ ಅರಗಿಸುವ ಹೊಟ್ಟೆ, ಮದುವೆಯಾಗಿ ಮೈಸೂರಿನಲ್ಲಿ ಸುಖವಾಗಿರುವ ಮಗಳು ಪೂಜಾ. ಕೊಡದೆ ಸತಾಯಿಸುತ್ತಿದ್ದದ್ದು ಒಂದೇ ಒಂದು: ಭಾವನಿಂದ ಒಂದು ಸೆಲ್ಯೂಟು.

ಭಾವ ಎಂದರೆ ಹೆಂಡತಿಯ ಅಣ್ಣ, ಕುಣಿಗಲ್ ತಾಲ್ಲೂಕು ಮಾರ್ಕೋನಹಳ್ಳಿಯ ಹವಾಲ್ದಾರ್ ದೊಡ್ಡರಂಗಯ್ಯನವರು. ಸೈನ್ಯದಲ್ಲಿ ಹದಿನೇಳು ವರ್ಷ ಟ್ಯಾಂಕು ಓಡಿಸಿ ಬಂದವರು. ಈಗ ತೆಂಗಿನ ತೋಟ ನೋಡಿಕೊಂಡಿದ್ದರೂ ನಡಿಗೆಯಲ್ಲಿ ಕವಾಯತು ಹಾಗೇ ಉಳಿದಿದೆ. ಅವರು ಬೆಳಿಗ್ಗೆ ತೋಟಕ್ಕೆ ಕಾಲಿಟ್ಟರೆ ಬಾಗಿದ ಮರಗಳೂ ನೆಟ್ಟಗೆ ನಿಲ್ಲುತ್ತವೆ ಎಂದು ಊರಿನವರು ಹೇಳುತ್ತಾರೆ. ಇತ್ತ ನಮ್ಮ ಮೇಷ್ಟ್ರು ಗುಬ್ಬಿಯ ಹೈಸ್ಕೂಲೊಂದರಲ್ಲಿ ಮೂವತ್ತೈದು ವರ್ಷ ಡ್ರಾಯಿಂಗ್ ಕಲಿಸಿ ರಿಟೈರಾದವರು. (ಮಾವಿನಹಣ್ಣು, ಮಡಕೆ, ಎರಡು ಬೆಟ್ಟದ ನಡುವೆ ಸೂರ್ಯ. ಮತ್ತೆ ಮಾವಿನಹಣ್ಣು.) ಮದುವೆಯಾದಾಗಿನಿಂದಲೂ ಭಾವ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಏನ್ ಮೇಷ್ಟ್ರೇ, ಈ ವರ್ಷ ಮಾವಿನಹಣ್ಣಿನ ಫಸಲು ಹೆಂಗೈತೆ?"

ಮೂವತ್ತೆಂಟು ವರ್ಷ ಈ ಮಾತಿಗೆ ನಕ್ಕೂ ನಕ್ಕೂ ಮೇಷ್ಟ್ರ ದವಡೆ ಒಂದು ಕಡೆಗೆ ವಾಲಿತ್ತು.

ಇಂಥ ಸಂದರ್ಭದಲ್ಲಿ ಪೂಜಾ ಅಪ್ಪನ ಹುಟ್ಟುಹಬ್ಬಕ್ಕೆ ಕೊರಿಯರಿನಲ್ಲಿ ಒಂದು ಡಬ್ಬ ಕಳಿಸಿದಳು. ಮಿಠಾಯಿ ಪೆಟ್ಟಿಗೆಯಷ್ಟಿದ್ದ ಆ ಡಬ್ಬದ ಮೇಲೆ ಹೊಗೆ, ಬೆಂಕಿ, ನಡುವೆ ನುಗ್ಗಿ ಬರುವ ಟ್ಯಾಂಕಿನ ಚಿತ್ರ. ಒಳಗೆ ಮಾತ್ರ ಹೊಗೆಯೂ ಇಲ್ಲ, ಟ್ಯಾಂಕೂ ಇಲ್ಲ. ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟುಗಳು, ಅವುಗಳ ತುಂಬ ಪಡವಲಕಾಯಿ ಚಪ್ಪರದಲ್ಲಿ ಮಿಡಿ ಜೋತುಬಿದ್ದಂತೆ ನೂರಾ ತೊಂಬತ್ತು ಚೂರುಗಳು. ಒಂದೊಂದನ್ನೇ ಬಿಡಿಸಿ, ಅಂಟಿಸಿ, ಬಣ್ಣ ಬಳಿದರೆ ಒಂದು ಗೇಣುದ್ದದ ಟ್ಯಾಂಕು. ಒಂದು ಜೊತೆ ಚಪ್ಪಲಿಗಿಂತ ಅಗ್ಗ.

ಮಗಳಿಗೆ ಈ ಉಪಾಯ ಹೇಳಿಕೊಟ್ಟದ್ದು ಮೇಷ್ಟ್ರ ಹೆಂಡತಿ ಮಂಗಳಗೌರಮ್ಮನವರೇ. "ನಿಮ್ಮಪ್ಪ ದಿನಾ ಅಡುಗೆಮನೆಗೆ ಬಂದು ಸಾರಿನ ಬಣ್ಣ ಸರಿಯಿಲ್ಲ, ಒಂಚೂರು ಕಂದು ಬೆರೆಸು ಅಂತಾರೆ ಕಣೇ. ಏನಾದ್ರೂ ಕೈಗೆ ಕೊಟ್ಟು ಕೂರ್ಸು" ಎಂದು ಫೋನಿನಲ್ಲಿ ಗೋಗರೆದಿದ್ದರು.

ಮಂಗಳಗೌರಮ್ಮನವರ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅವರದು ಸಾಮಾನ್ಯ ಶುಚಿಯಲ್ಲ. ಸೋಪನ್ನು ತೊಳೆದು ಆಮೇಲೆ ಅದರಲ್ಲಿ ಕೈ ತೊಳೆಯುವ ಪೈಕಿ. ಅವರ ಕಾಂಪೌಂಡಿನ ಮೇಲೆ ಕೂರುವ ಕಾಗೆಗಳು ಪಕ್ಕದ ಮನೆಯ ಗೋಡೆಗೆ ಕಾಲು ಒರೆಸಿಕೊಂಡು ಬರುತ್ತವೆ. ಇಡೀ ತುಮಕೂರು ಜಿಲ್ಲೆಯಲ್ಲಿ ಕೊಳೆಯನ್ನು ಅವರಷ್ಟು ಆಳವಾಗಿ ಅಧ್ಯಯನ ಮಾಡಿದವರು ಇಲ್ಲ. ನೆಲದ ಮೇಲಿನ ಹೆಜ್ಜೆಗುರುತು ನೋಡಿ, ಬಂದವರು ಚೇಳೂರಿನ ಹೊಲದಿಂದಲೋ ಗುಬ್ಬಿ ಬಸ್‌ಸ್ಟ್ಯಾಂಡಿನಿಂದಲೋ ಹೇಳಬಲ್ಲರು.

ಆದ್ದರಿಂದ ಟ್ಯಾಂಕಿನ ಕಾರ್ಖಾನೆಗೆ ಸಿಕ್ಕ ಜಾಗ ಮೆಟ್ಟಿಲ ಕೆಳಗಿನ ಗೂಡು.

"ನೋಡ್ರಿ, ಆ ಗಬ್ಬು ವಾಸನೆ ಈ ಬಾಗಿಲು ದಾಟಂಗಿಲ್ಲ. ನಾನೂ ಒಳಕ್ಕೆ ಬರಾಕಿಲ್ಲ."

"ಬರಬೇಡ ಕಣೇ. ಇದು ಮಿಲಿಟರಿ ಪ್ರದೇಶ."

ಮೇಷ್ಟ್ರು ಹೆಂಡತಿಯ ನೇಲ್ ಕಟರಿನಿಂದ ಚೂರುಗಳನ್ನು ಬಿಡಿಸಿದರು. ಉಗುರು ತೀಡುವ ಪಟ್ಟಿಯಿಂದ ಅಂಚು ತೀಡಿದರು. ಗಾಲಿ ಪಕ್ಕಕ್ಕೆ ಐದೈದು. ಒಂದೂ ಓರೆಯಾಗಬಾರದು ಎಂದು ಊದಿನಕಡ್ಡಿ ಅಡ್ಡ ಹಿಡಿದು ಅಳತೆ ನೋಡಿದರು. ಚೈನು ರಬ್ಬರಿನದು. ಅದರ ಎರಡು ತುದಿ ಸೇರಿಸಲು ಸ್ಕ್ರೂಡ್ರೈವರ್ ಕಾಯಿಸಿ ಒತ್ತಬೇಕೆಂದು ಡಬ್ಬದೊಳಗಿನ ಚಿತ್ರ ಹೇಳಿತು. ಮೇಷ್ಟ್ರು ಉಸಿರು ಬಿಗಿಹಿಡಿದು ಒತ್ತಿದರು; ಚೈನೂ ಕೂಡಿಕೊಂಡಿತು, ಹೆಬ್ಬೆರಳೂ ಕೂಡಿಕೊಂಡಿತು. ಸಾಸಿವೆಗಿಂತ ಸ್ವಲ್ಪವೇ ದಪ್ಪವಿದ್ದ ಹೆಡ್‌ಲೈಟೊಂದು ಚಿಮಟದಿಂದ ಚಿಮ್ಮಿ ಮಾಯವಾದಾಗ ಎರಡು ದಿನ ಮನೆಯಲ್ಲಿ ಯಾರೂ ಗುಡಿಸಬಾರದೆಂದು ಅಪ್ಪಣೆಯಾಯಿತು. (ಆ ಅಪ್ಪಣೆ ನಾಲ್ಕು ನಿಮಿಷ ಜಾರಿಯಲ್ಲಿತ್ತು.) ಮೂರನೆಯ ದಿನ ಮಂಗಳಗೌರಮ್ಮನವರು ಮೊರದಲ್ಲಿ ಉದ್ದಿನಬೇಳೆ ಆರಿಸುತ್ತ ಕೂಗಿದರು:

"ರೀ, ಬನ್ನಿ ಇಲ್ಲಿ. ಈ ಕಲ್ಲಿಗೆ ಕಣ್ಣೈತೆ!"

ಒಂದು ತಿಂಗಳಿಗೆ ಟ್ಯಾಂಕು ಎದ್ದು ನಿಂತಿತು. ಮೈಗೆಲ್ಲ ಹಸಿರು ಎನಾಮೆಲ್. ಫಿರಂಗಿಯ ಮಂಡೆ ತಿರುಗುತ್ತಿತ್ತು. ಒಮ್ಮೆ ಅದು ತನ್ನ ಕಡೆ ತಿರುಗಿದ್ದು ಕಂಡು ಗೋಡೆಯ ಹಲ್ಲಿಯೊಂದು ಬಾಲವನ್ನು ಅಲ್ಲೇ ಒಪ್ಪಿಸಿ ಪರಾರಿಯಾಯಿತು. ಮಂಗಳಗೌರಮ್ಮನವರು ಬಾಗಿಲಾಚೆಯಿಂದಲೇ ಇಣುಕಿ, "ಪರವಾಗಿಲ್ಲ, ಹೆಸರುಕಾಳಿನ ಬಣ್ಣ ಚೆಂದಾಗೈತೆ" ಎಂದರು.

ಮೇಷ್ಟ್ರು ಅದೇ ಉತ್ಸಾಹದಲ್ಲಿ ಫೋಟೋ ತೆಗೆದು ಭಾವನಿಗೆ ವಾಟ್ಸಪ್ಪಿನಲ್ಲಿ ಕಳಿಸಿದರು. ಎರಡೇ ನಿಮಿಷದಲ್ಲಿ ಫೋನು.

"ಮೇಷ್ಟ್ರೇ, ಇದು ನಾನು ಓಡಿಸ್ತಿದ್ದ ಗಾಡಿನೇ. ಗಾಲಿ ಲೆಕ್ಕ ಸರಿಯಾಗೈತೆ. ಆದ್ರೆ ಇದೇನು ಹಿಂಗೆ ಮದುಮಗನಂಗೆ ಮಿಂಚ್ತೈತೆ? ಮೈಮೇಲೆ ಮಣ್ಣಿಲ್ದಿದ್ರೆ ಅದು ಟ್ಯಾಂಕಾ? ಡ್ರೈವರ್ ಹತ್ತೋ ಕಡೆ ಬೂಟು ಉಜ್ಜಿ ಬಣ್ಣ ಸವೆದಿರ್ಬೇಕು. ಗಾಲಿ ಸಂದಿನಾಗೆ ಕೆಸರು ಕಚ್ಕೊಂಡಿರ್ಬೇಕು. ಹಿಂದ್ಗಡೆ ಹೊಗೆ ಮಸಿ ಇರ್ಬೇಕು. ಅದೆಲ್ಲ ಮಾವಿನಹಣ್ಣು ಬಿಡ್ಸಿದಂಗಲ್ಲ ಬುಡಿ."

"ಬಿಡಿಸಿದ್ರೆ?" ಎಂದರು ಮೇಷ್ಟ್ರು. ಅವರ ದವಡೆ ಆ ಕ್ಷಣಕ್ಕೆ ನೆಟ್ಟಗಾಗಿತ್ತು.

"ಆಯುಧಪೂಜೆ ದಿನ ಬತ್ತೀನಿ. ಅಸಲಿ ಟ್ಯಾಂಕಿನ ಮಣ್ಣು ಅಂತ ನನ್ ಕಣ್ಣಿಗೆ ಅನ್ನಿಸ್ತೋ, ಎದ್ದು ನಿಂತು ಸೆಲ್ಯೂಟ್ ಹೊಡೀತೀನಿ. ಇಲ್ಲಿವರ್ಗೂ ಆಫೀಸರ್‌ಗಳಿಗೆ ಬಿಟ್ಟು ಯಾರ್ಗೂ ಹೊಡ್ದಿಲ್ಲ ನಾನು."

ಅಲ್ಲಿಂದ ಶುರುವಾಯಿತು ನೋಡಿ ತಪಸ್ಸು. ನಿಜವಾದ ಮಣ್ಣನ್ನೇ ಮೆತ್ತಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಮೇಷ್ಟ್ರು ಕಲಾವಿದರು. ಮಣ್ಣನ್ನು ಮೆತ್ತುವುದಕ್ಕೆ ಎಮ್ಮೆಗೂ ಬರುತ್ತದೆ, ಮಣ್ಣನ್ನು ಬರೆಯುವುದಕ್ಕೆ ಡ್ರಾಯಿಂಗ್ ಮೇಷ್ಟ್ರೇ ಬೇಕು ಎಂಬುದು ಅವರ ಸಿದ್ಧಾಂತ. ಮಾದರಿಗೆಂದು ಚೇಳೂರಿನ ರಾಗಿ ಹೊಲದ ಕೆಮ್ಮಣ್ಣು, ದೇವರಾಯನದುರ್ಗದ ದಾರಿಯ ಧೂಳು, ಮಾರ್ಕೋನಹಳ್ಳಿ ಹಿನ್ನೀರಿನ ಜೇಡಿ, ಮೂರನ್ನೂ ಉಪ್ಪಿನಕಾಯಿ ಬಾಟಲಿಗಳಲ್ಲಿ ತಂದು ಸಾಲಾಗಿಟ್ಟರು. ಸ್ಕೂಲಿನ ಕಾಲದಿಂದ ಉಳಿದಿದ್ದ ಪೋಸ್ಟರ್ ಕಲರ್ ಬಿಚ್ಚಿ ಆ ಬಣ್ಣಗಳಿಗೆ ಸರಿಗಟ್ಟುವ ತನಕ ಬೆರೆಸಿದರು. ಬ್ರಷ್ಷಿನಲ್ಲಿ ಇದ್ದದ್ದು ಮೂರೇ ಕೂದಲು. ಸೂಕ್ಷ್ಮ ಕೆಲಸದಲ್ಲಿ ಎರಡಕ್ಕೆ ರಜ ಕೊಟ್ಟು ಒಂದರಲ್ಲೇ ಎಳೆಯುತ್ತಿದ್ದರು. ಗಾಲಿಯ ಸಂದಿಗೆ ಹಸಿ ಕೆಸರು, ಅದರ ಮೇಲೆ ಒಣಗಿ ಬಿರಿದ ಕೆಸರು, ಅದರ ಮೇಲೆ ನಿನ್ನೆ ಸಂಜೆಯ ಧೂಳು. ಬೋಲ್ಟುಗಳಿಂದ ತುಕ್ಕು ಇಳಿದ ಗೆರೆ. ಡ್ರೈವರ್ ಹತ್ತುವ ಎಡಗಡೆಯಲ್ಲಿ ಬೂಟು ಸವೆಸಿದ ಗುರುತು; ಅದೂ ಸ್ವಲ್ಪ ಕಾಲೆಳೆದು ಹತ್ತುವ ಡ್ರೈವರಿನದು, ಏಕೆಂದರೆ ಭಾವನಿಗೆ ಬಲಮಂಡಿ ನೋವು.

ಕೊನೆಗೆ ವಾರ್ನಿಷ್ ಹೊಡೆಯಬೇಕೇ ಎಂಬ ಪ್ರಶ್ನೆ ಬಂತು. ಹೊಡೆದರೆ ಬಣ್ಣ ಗಟ್ಟಿ. ಆದರೆ ವಾರ್ನಿಷ್ ಮಿಂಚುತ್ತದೆ, ಮಿಂಚುವ ಧೂಳು ಯಾವ ಲೋಕದಲ್ಲಿದೆ? ಬೇಡವೆಂದು ನಿರ್ಧರಿಸಿದರು. (ಈ ನಿರ್ಧಾರವನ್ನು ಓದುಗರು ದಯವಿಟ್ಟು ನೆನಪಿಡಬೇಕು. ಮೇಷ್ಟ್ರು ಈಗಲೂ ಮರೆತಿಲ್ಲ.)

ಸುಳ್ಳು ಹೇಳಬಾರದು, ಅಂಥ ಮಣ್ಣನ್ನು ಬ್ರಹ್ಮನೂ ಮೊದಲ ಪ್ರಯತ್ನಕ್ಕೆ ಮಾಡಿರಲಾರ. ಗೂಡು ಕಟ್ಟಲು ಮಣ್ಣು ಹುಡುಕುತ್ತಿದ್ದ ಕಣಜವೊಂದು ಕಿಟಕಿಯಿಂದ ಬಂದು, ಟ್ಯಾಂಕಿನ ಚೈನಿಗೆ ಬಾಯಿ ಹಾಕಿ, ಹಲ್ಲು ನೋಯಿಸಿಕೊಂಡು ಹೋಯಿತು. ಅಂದೇ ಮೇಷ್ಟ್ರಿಗೆ ಗೆಲುವು ಖಾತ್ರಿಯಾಯಿತು. ಸೆಲ್ಯೂಟ್ ಬಂದರೆ ವಾಪಸ್ ಕೊಡದಿದ್ದರೆ ಮರ್ಯಾದೆಯಲ್ಲವೆಂದು ಕನ್ನಡಿಯ ಮುಂದೆ ನಿಂತು ವಾರವಿಡೀ ಅಭ್ಯಾಸ ಮಾಡಿದರು.

"ಏನ್ರಿ, ಭುಜ ಹಿಡ್ಕೊಂಡೈತಾ? ಎಣ್ಣೆ ಹಚ್ಲಾ?" ಎಂದು ಮಂಗಳಗೌರಮ್ಮನವರು ವಿಚಾರಿಸಿಕೊಂಡು ಹೋದರು.

ಆಯುಧಪೂಜೆಯ ದಿನ ಬೆಳಗಾಯಿತು. ಆ ಮನೆಯಲ್ಲಿ ಅಂದು ಚಕ್ರವಿರುವುದು, ಅಲಗಿರುವುದು, ಕರೆಂಟಿನಲ್ಲಿ ತಿರುಗುವುದು ಯಾವುದೂ ನೀರಿನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಸ್ಕೂಟರು, ಈಳಿಗೆಮಣೆ, ಮಚ್ಚು, ಹೊಲಿಗೆ ಯಂತ್ರ, ತೆಂಗಿನ ತುರಿಮಣೆ, ಎಲ್ಲಕ್ಕೂ ಮಂಗಳಗೌರಮ್ಮನವರೇ ಖುದ್ದು ಸ್ನಾನ ಮಾಡಿಸಿದರು. ತೊಳೆದ ಸ್ಕೂಟರು ಪೂಜೆಯಾಗದೆ ಗೇಟು ದಾಟಬಾರದು. ಆದ್ದರಿಂದ ಮೇಷ್ಟ್ರು ಭಾವನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿದರು. ಹೊರಡುವ ಮುನ್ನ ಟ್ಯಾಂಕನ್ನು ಗೂಡಿನಿಂದ ತಂದು, ಬಂದವರ ಕಣ್ಣಿಗೆ ಮೊದಲು ಬೀಳಲೆಂದು ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿದರು.

ದಾರಿಯುದ್ದಕ್ಕೂ ಮೇಷ್ಟ್ರದೇ ಮಾತು.

"ಭಾವ, ಎದೆ ಗಟ್ಟಿ ಮಾಡ್ಕೊಂಡಿರಿ. ನಿಮ್ಮ ಹಳೇ ದಿನಗಳೆಲ್ಲ ಜ್ಞಾಪಕ ಬರ್ತವೆ."

"ನೋಡೋಣ ನಡೀರಿ ಮೇಷ್ಟ್ರೇ. ಕೈ ಸಾಬೂನು ಹಾಕಿ ತೊಳ್ಕಂಡೇ ಬಂದಿವ್ನಿ, ಸೆಲ್ಯೂಟ್‌ಗೆ."

ಗೇಟು ತೆಗೆದದ್ದೇ ತಡ, ಮೇಷ್ಟ್ರು ನಿಂತಲ್ಲೇ ನಿಂತರು.

ಜಗಲಿಯ ಮೇಲೆ ಟ್ಯಾಂಕು ಈಗಷ್ಟೇ ಎಣ್ಣೆಸ್ನಾನ ಮುಗಿಸಿದ ಮಗುವಿನಂತೆ ಫಳಫಳ ಹೊಳೆಯುತ್ತಿತ್ತು. ಕೆಸರಿಲ್ಲ, ಧೂಳಿಲ್ಲ, ತುಕ್ಕಿಲ್ಲ, ಭಾವನ ಬಲಮಂಡಿ ನೋವಿನ ಕುರುಹೂ ಇಲ್ಲ. ಹಣೆಗೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ, ಫಿರಂಗಿಯ ಬಾಯಿಗೆ ಒಂದು ಚೆಂಡುಹೂವು. ಚೈನಿನ ಕೆಳಗೆ ಎರಡು ನಿಂಬೆಹಣ್ಣು. ಅವುಗಳನ್ನು ಅಪ್ಪಚ್ಚಿ ಮಾಡಬೇಕಾಗಿದ್ದ ಟ್ಯಾಂಕು ಅವುಗಳ ಮೇಲೆ ಹತ್ತಿ ಕೂತು ಅತ್ತಿತ್ತ ತೂಗುತ್ತಿತ್ತು.

"ಗೌರೀ!" ಎಂದರು ಮೇಷ್ಟ್ರು. ಅವರ ಧ್ವನಿ ಬಸ್‌ಸ್ಟ್ಯಾಂಡಿನಲ್ಲೇ ಉಳಿದಂತಿತ್ತು. "ಮಣ್ಣೆಲ್ಲಿ?"

"ಬಾ ಅಣ್ಣಯ್ಯ, ಚೆಂದಾಗಿದೀಯ?" ಎನ್ನುತ್ತ ತಿಕ್ಕುವ ಬ್ರಷ್ಷಿನ ಸಮೇತ ಬಂದ ಮಂಗಳಗೌರಮ್ಮನವರು ಗಂಡನ ಕಡೆ ತಿರುಗಿದರು. "ಯಾವ ಕೊಚ್ಚೆಗೆ ಬಿಟ್ಟಿದ್ರಿ ಅದನ್ನ? ಅರವತ್ತು ದಾಟಿದ ಗಂಡಸು ಆಟದ ಸಾಮಾನು ತಗೊಂಡೋಗಿ ಕೆಸರಲ್ಲಿ ಆಡೋದಾ? ಒಂದು ಸಲಕ್ಕೆ ಹೋಗ್ಲಿಲ್ಲ. ಸೋಪಿನ ಪುಡಿ ಹಾಕಿ ನೆನಸಿಟ್ಟು, ಹುಣಸೇಹಣ್ಣು ಹಚ್ಚಿ, ತೆಂಗಿನ ನಾರಲ್ಲಿ ಉಜ್ಜಿದ ಮೇಲೆ ಬಿಡ್ತು."

"ಅದು ಮಣ್ಣಲ್ಲ ಕಣೇ! ಪೇಂಟು! ಐದು ವಾರ ಕೂತು ನಾನು ಬರೆದ ಪೇಂಟು!"

"ಪೇಂಟಾ? ನಂಗೇ ಹೇಳ್ತೀರಾ? ನಲವತ್ತು ವರ್ಷದಿಂದ ತೊಳೀತಿದೀನಿ, ಮಣ್ಣು ಯಾವುದು ಬಣ್ಣ ಯಾವುದು ಗೊತ್ತಾಗಕಿಲ್ವಾ? ಮೇಲೆ ರಾಗಿ ಹೊಲದ ಮಣ್ಣು, ಗಾಲಿ ಹತ್ರ ನಮ್ಮೂರ ಹಿನ್ನೀರಿನ ಜೇಡಿ. ಅಣ್ಣಯ್ಯ, ಬೇಕಾದ್ರೆ ಆಣೆ ಮಾಡ್ತೀನಿ."

ಹವಾಲ್ದಾರರು ಕನ್ನಡಕ ಏರಿಸಿ ಟ್ಯಾಂಕನ್ನು ಎತ್ತಿಕೊಂಡರು. ತಿರುಗಿಸಿ ಹೊಟ್ಟೆ ಮೇಲೆ ಮಾಡಿದರು. ಅಲ್ಲಿ, ಎರಡನೆಯ ಮತ್ತು ಮೂರನೆಯ ಗಾಲಿಯ ನಡುವೆ, ತೆಂಗಿನ ನಾರೂ ತೂರದ ಸಂದಿನಲ್ಲಿ, ಒಂದು ಹುಣಸೇಬೀಜದಷ್ಟು ಕೆಸರು ಉಳಿದುಕೊಂಡಿತ್ತು. ಹವಾಲ್ದಾರರು ಅದನ್ನು ಉಗುರಿನಿಂದ ಕೆರೆದರು. ಮೂಗಿನ ಹತ್ತಿರ ಹಿಡಿದು ಮೂಸಿದರು. ಬಿಸಿಲಿಗೆ ಹಿಡಿದು ನೋಡಿದರು.

"ಮೇಷ್ಟ್ರೇ," ಎಂದರು ಕೊನೆಗೆ. "ಹದಿನೇಳು ವರ್ಷ ಈ ಸಂದಿನಾಗಿನ ಕೆಸರು ಕೆರೆದಿವ್ನಿ ನಾನು. ಇದು ಅದೇಯ. ಮೇಲೆ ಒಣಗೈತೆ, ಒಳಗಿನ್ನೂ ಹಸಿ. ಇದು ಪೇಂಟು ಅಂದ್ರೆ ನಮ್ಮ ಕರ್ನಲ್ ಸಾಹೇಬ್ರೂ ನಂಬ್ತಿರ್ಲಿಲ್ಲ."

ಅವರು ಟ್ಯಾಂಕನ್ನು ಮಣೆಯ ಮೇಲೆ ಮೆಲ್ಲಗೆ ಇಳಿಸಿದರು. ಅಂಗಿ ಸರಿಮಾಡಿಕೊಂಡರು. ಮಂಡಿನೋವನ್ನೂ ಮರೆತು ನೆಟ್ಟಗೆ ನಿಂತರು. ಮೇಷ್ಟ್ರ ಎದೆ ಕಡಲೆಕಾಯಿ ಹುರಿದಂತೆ ಚಟಪಟಗುಟ್ಟಿತು. ಮೂವತ್ತೆಂಟು ವರ್ಷದ ಮಾವಿನಹಣ್ಣುಗಳೆಲ್ಲ ಒಮ್ಮೆಲೇ ಮಾಗಿದವು. ಹವಾಲ್ದಾರರ ಹಿಮ್ಮಡಿಗಳು ಠಪ್ಪನೆ ಕೂಡಿದವು, ಬಲಗೈ ಹಣೆಗೇರಿತು. ವಾರವಿಡೀ ಸಾಧನೆ ಮಾಡಿದ್ದ ಮೇಷ್ಟ್ರ ಕೈ ಕೂಡ ಅದೇ ಕ್ಷಣಕ್ಕೆ ಚಕ್ಕನೆ ಮೇಲೇರಿತು.

ಆದರೆ ಸೆಲ್ಯೂಟು ಮೇಷ್ಟ್ರ ಎಡಕಿವಿಯ ಪಕ್ಕದಿಂದ ಹಾದು, ಅವರ ಹಿಂದೆ ಬ್ರಷ್ ಹಿಡಿದು ನಿಂತಿದ್ದ ಮಂಗಳಗೌರಮ್ಮನವರಿಗೆ ಹೋಗಿ ಮುಟ್ಟಿತು.

"ಗೌರಿ! ಜನರಲ್ ಇನ್ಸ್‌ಪೆಕ್ಷನ್ನಿಗೆ ಅಂತ ನಾವು ನಾಲ್ಕು ಜನ ಎರಡು ದಿನ ತೊಳೀತಿದ್ವಿ ಕಣವ್ವ. ಅಂಥ ಮಣ್ಣು ಹಿಂಗೆ ಹೋಗಿದ್ದು ನಾನು ಇಡೀ ಸರ್ವೀಸ್‌ನಾಗೆ ನೋಡಿಲ್ಲ. ನೀನು ನಮ್ಮ ರೆಜಿಮೆಂಟಿನಾಗೆ ಇರ್ಬೇಕಾಗಿತ್ತು!"

"ಹೋಗಣ್ಣಯ್ಯ, ಇದೇನು ದೊಡ್ಡ ಕೆಲಸ" ಎಂದು ಮಂಗಳಗೌರಮ್ಮನವರು ನಾಚಿ ಬ್ರಷ್ಷನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಮೇಷ್ಟ್ರ ಕೈ ಇನ್ನೂ ಹಣೆಯ ಹತ್ತಿರವೇ ಇತ್ತು. ಇಳಿಸಿದರೆ ಅವಮಾನ, ಇಳಿಸದಿದ್ದರೆ ಭುಜನೋವು. ತಲೆ ಕೆರೆದುಕೊಳ್ಳುವಂತೆ ನಟಿಸೋಣವೆಂದರೆ ಅಲ್ಲಿ ಕೂದಲಿರಲಿಲ್ಲ.

ಮಂಗಳಗೌರಮ್ಮನವರು ಗಂಡನನ್ನು ಒಮ್ಮೆ ನೋಡಿದರು. ಟ್ಯಾಂಕನ್ನು ಒಮ್ಮೆ ನೋಡಿದರು. ಒಳಗೆ ಹೋಗಿ, ಅರಿಶಿನ ಕುಂಕುಮ ಹಚ್ಚಿದ ಬೂದುಗುಂಬಳಕಾಯಿ ತಂದು, ಮೇಲೆತ್ತಿದ್ದ ಆ ಕೈಗೇ ಇಟ್ಟರು.

"ಹೆಂಗೂ ಎತ್ತಿದೀರಲ್ಲ, ಇಳಿಸ್ಬ್ಯಾಡಿ. ಹಂಗೇ ಹೋಗಿ ಗೇಟ್ ಮುಂದೆ ಒಡೆದು ಬನ್ನಿ. ನಮ್ಮಣ್ಣಯ್ಯ ಆವಾಗಿಂದ ನೋಡ್ತಾವ್ನೆ, ನಿಮ್ಮ ಟ್ಯಾಂಕಿಗೆ ದೃಷ್ಟಿ ಆಗೈತೆ."