ನೀಲಕ್ಕನ ಡಬ್ಬಿಯಲ್ಲಿ ನನ್ನ ಗುಳಿಗೆ

ಅಂಬೇವಾಡಿಯ ನಮ್ಮ ಓಣಿಯಲ್ಲಿ ಇನ್ನು ಮುಂದೆ ಯಾವ ಹೆಂಗಸೂ ಸುಮ್ಮಸುಮ್ಮನೆ ಬೆವರಬಾರದು! ಹಾಗೆಂದು ನಾನು, ಗ್ಯಾರೇಜ್ ಮನ್ಸೂರರ ಹೆಂಡತಿ ಗುಲ್ಶನ, ಪಣ ತೊಟ್ಟೆ. ತೊಡುವಾಗ ನನ್ನನ್ನು ತಡೆಯುವವರು ಯಾರೂ ಮನೆಯಲ್ಲಿರಲಿಲ್ಲ.

ಪಣಕ್ಕೆ ಕಾರಣವಿತ್ತು. ನನ್ನ ಗರ್ಭಕೋಶ ತೆಗೆಸಿ ವರ್ಷಗಳಾಗಿದ್ದವು. ಈಗ ಮುಟ್ಟು ನಿಲ್ಲುವ ವಯಸ್ಸಿನ ಕಾವೂ ಶುರುವಾಗಿತ್ತು. ಫ್ಯಾನಿನ ಕೆಳಗೆ ಕೂತರೂ ಬೆವರು, ಗಂಡ ಚಹಾ ಕೇಳಿದರೂ ಸಿಟ್ಟು. ಹಳಿಯಾಳದ ಡಾಕ್ಟರಮ್ಮ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಎದೆಯಲ್ಲಿ ಗಂಟಿತ್ತೇ, ಲಿವರ್ ಹೇಗಿದೆ ಎಂದು ಪೊಲೀಸರಂತೆ ವಿಚಾರಿಸಿ, ಬಿಪಿ ನೋಡಿ, ಕಡಿಮೆ ಡೋಸಿನ ಈಸ್ಟ್ರೋಜನ್ ಗುಳಿಗೆ ಬರೆದುಕೊಟ್ಟರು. ಆಗಾಗ ಬಂದು ತೋರಿಸಬೇಕೆಂದೂ ಹೇಳಿದರು. ಕೆಲವು ವಾರಗಳಲ್ಲಿ ನನ್ನ ಮೈ ತಣ್ಣಗಾಯಿತು. ತಲೆಗೆ ಮಾತ್ರ ಡಾಕ್ಟರಿಕೆ ಏರಿತು.

ಪಕ್ಕದ ಮನೆಯ ನೀಲಕ್ಕನಿಗೂ ನನಗೂ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತದೆ. ಅದರಲ್ಲಿ ಅವಳ ಉಂಡಿ ಇತ್ತ ಬಂದರೆ ನನ್ನ ಶ್ಯಾವಿಗೆ ಪಾಯಸ ಅತ್ತ ಹೋಗುತ್ತದೆ. ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ನಮ್ಮ ಎರಡೂ ಮನೆಗಳಲ್ಲಿಲ್ಲ. ಏನೂ ಇರದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಪಂಚಮಿಯ ಉಂಡಿ ತಿಂದು ಮುಗಿಸಿದ ಮೇಲೆ ನಾನು ಸಕ್ಕರೆ ಹಾಕಿದೆ, ಅದರ ಮೇಲೆ ನನ್ನ ಗುಳಿಗೆಯ ಒಂದು ಸ್ಟ್ರಿಪ್ಪನ್ನೂ ಇಟ್ಟೆ!

"ಇದೇನ ಗುಲ್ಶನಕ್ಕ?" ಎಂದಳು ನೀಲಕ್ಕ.

"ಬೆವರ್ತಿಯಲ್ಲ?"

"ಹೂಂ ಮತ್ತ. ಮುಂಜಾನೆದ್ದು ನೈಟಿ ಹಿಂಡ್ತೇನಿ."

"ಹಂಗಾರ ದಿನಾ ಒಂದು ನುಂಗು. ನಾ ಹೆಂಗ ಆಗೇನಿ ನೋಡಿಲ್ಲೇನು?"

ನನ್ನ ತಪಾಸಣೆ ಅಷ್ಟೇ. ಆಮೇಲೆ ಹಳೆಯ ಚೀಟಿ ತೋರಿಸಿ ನಾನು ಡಬಲ್ ಗುಳಿಗೆ ತರತೊಡಗಿದೆ. ಡಬ್ಬಿ ಬಂದಾಗಲೆಲ್ಲ ಒಂದು ಸ್ಟ್ರಿಪ್ ಹಾಕಿ ಕಳಿಸಿದೆ. ನೀಲಕ್ಕ ಬೆವರುವುದು ನಿಂತಿತು. ನಾನು ಓಣಿಯಲ್ಲಿ ಎದೆ ಉಬ್ಬಿಸಿ ನಡೆದೆ.

ಒಂದು ದಿನ ಆಕೆ ದನಿ ತಗ್ಗಿಸಿ, "ಗುಲ್ಶನಕ್ಕ, ಮುಟ್ಟು ನಿಂತು ವರ್ಷಗಟ್ಲೆ ಆಗಿತ್ತು. ಈಗ ಮತ್ತ ಸುರು ಆಗೇತಿ" ಎಂದಳು.

"ವಯಸ್ಸು ಹಿಂದಕ ಹೊಂಟೈತಿ. ಸಿಹಿ ಹಂಚು," ಎಂದು ನಕ್ಕು, ಇನ್ನೊಂದು ಸ್ಟ್ರಿಪ್ ಕೊಟ್ಟೆ. ಈಗ ನೆನೆದರೆ ಆ ನಗುವಿಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಊಟಕ್ಕೆ ಕೂತಾಗ ಈ ಪ್ರತಾಪವನ್ನು ಗಂಡನ ಮುಂದೆ ಹೇಳಿಕೊಂಡೆ. ಅವರ ತುತ್ತು ಅರ್ಧದಲ್ಲೇ ನಿಂತಿತು.

"ರಕ್ತ ಹೊಂಟೈತಿ ಅಂದ್ರ ಸಿಹಿ ಹಂಚಂದೆ?"

"ಔಷಧ ಹತ್ತೇತ್ರಿ."

"ನಾ ಗ್ಯಾರೇಜಿನ್ಯಾಗ ಬೈಕಿನ ಪಾರ್ಟು ಜೀಪಿಗೆ ಜಡದ್ರ ಗಿರಾಕಿ ಚಪ್ಪಲಿ ತಗೋತಾನ. ನಾಳೆ ಆಕಿನ್ನ ಕರಕೊಂಡು ಡಾಕ್ಟರ್ ಕಡೆ ನಡಿ."

ಮರುದಿನ ನೀಲಕ್ಕನನ್ನು ಹಳಿಯಾಳಕ್ಕೆ ಕರೆದೊಯ್ದು, ಗುಳಿಗೆ ಹಂಚಿದ್ದನ್ನೆಲ್ಲ ಒಪ್ಪಿಕೊಂಡೆ. ಡಾಕ್ಟರಮ್ಮ ನೀಲಕ್ಕನನ್ನು ನೋಡಿ, ನನ್ನ ಕಡೆ ತಿರುಗಿದರು.

"ನಿಮಗ ಗರ್ಭಕೋಶ ಇಲ್ಲ. ಅದಕ್ಕ ನಿಮಗ ಇದೊಂದ ಗುಳಿಗಿ ಸಾಕು. ಇವರಿಗೆ ಐತಿ. ಇದೊಂದ ನುಂಗಿದ್ರ ಒಳಗಿನ ಪದರ ದಪ್ಪ ಆಗ್ತೈತಿ. ಜೋಡಿ ಇನ್ನೊಂದು ಹಾರ್ಮೋನ್ ಬೇಕಾಗ್ತೈತ್ರಿ. ಕೊಡೂ ಮುಂಚೆ ನಾ ನಿಮಗ ಏನೇನ ಕೇಳಿದ್ದೆ? ನೀವು ಇವರಿಗೆ ಏನ್ ಕೇಳಿದ್ರಿ?"

"ಬೆವರ್ತಿಯೇನು ಅಂತ," ಎಂದೆ. ನೆಲ ಬಾಯಿ ಬಿಡಬಾರದೇ ಎನಿಸಿತು.

ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅದು ಕ್ಯಾನ್ಸರ್ ಅಲ್ಲವೆಂದು ನೋಡಲೇಬೇಕಂತೆ. ಒಳಗಿಂದ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ನೀಲಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಈ ಕೈಯೇ ಅವಳಿಗೆ ಗುಳಿಗೆ ಕೊಟ್ಟಿದ್ದಲ್ಲವೇ ಎಂದು ನನಗೆ ಅಳು ಬಂತು.

ರಿಪೋರ್ಟ್ ಬರುವವರೆಗೆ ಡಬ್ಬಿ ಬರಲಿಲ್ಲ. ನಾನು ಕಾಂಪೌಂಡಿನ ಹತ್ತಿರ ನಿಂತು ಬಟ್ಟೆ ಒಣಹಾಕುವ ನೆಪ ಮಾಡುತ್ತಿದ್ದೆ. ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕಿದ್ದೂ ಉಂಟು. ನಮಾಜಿನಲ್ಲಿ ನನಗಾಗಿ ಏನೂ ಕೇಳಲಿಲ್ಲ, ನೀಲಕ್ಕನಿಗಾಗಿ ಮಾತ್ರ ಕೇಳಿದೆ.

ಕೊನೆಗೂ ರಿಪೋರ್ಟ್ ಬಂತು. ಕೆಟ್ಟದ್ದೇನೂ ಇರಲಿಲ್ಲ. ನೀಲಕ್ಕ ನುಂಗುತ್ತಿದ್ದ ನನ್ನ ಗುಳಿಗೆಯನ್ನು ಡಾಕ್ಟರಮ್ಮ ನಿಲ್ಲಿಸಿ, ಅವಳದೇ ತಪಾಸಣೆ ಮಾಡಿ, ಅವಳಿಗೆ ಒಗ್ಗುವ ಬೇರೆ ಔಷಧ ಬರೆದುಕೊಟ್ಟರು. ಮರುದಿನ ಡಬ್ಬಿ ಬಂತು, ತುಂಬ ಶೇಂಗಾ ಹೋಳಿಗೆ. ಇಷ್ಟಾದರೂ ಅವಳು ಖಾಲಿ ಡಬ್ಬಿ ಕಳಿಸಲಿಲ್ಲ! ನಾನು ಒಲೆ ಮುಂದೆ ಕೂತು ಅತ್ತೆ.

ತುಪ್ಪ, ಗೋಡಂಬಿ ಸುರಿದು ಶ್ಯಾವಿಗೆ ಪಾಯಸ ಮಾಡಿದೆ. ಅದೇ ಡಬ್ಬಿಯಲ್ಲಿ ತುಂಬಿ ನಾನೇ ಒಯ್ದೆ. ನೀಲಕ್ಕ ಮುಚ್ಚಳ ತೆಗೆದಳು, ಚಮಚೆ ಹಾಕಿ ತಳದವರೆಗೆ ತಿರುವಿ ನೋಡಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ಗುಲ್ಶನಕ್ಕ, ಇದರ ಡಾಕ್ಟರ್ ಚೀಟಿ ಎಲ್ಲೈತಿ?"

ಅವಳು ನಕ್ಕಳು. ನಾನು ನೆತ್ತಿಯಿಂದ ಪಾದದವರೆಗೆ ಬೆವತುಹೋದೆ. ಆ ಬೆವರಿಗೆ ಯಾವ ಡಾಕ್ಟರಮ್ಮನೂ ಗುಳಿಗೆ ಬರೆದುಕೊಡುವುದಿಲ್ಲ.